ಹಾಜರಿ ಪುಸ್ತಕದ ಹೊರಗಿನ ಇಬ್ಬರು

ಜೂನ್ ತಿಂಗಳು ಬಂತೆಂದರೆ ಕೃಷಿಕನು ಆಕಾಶವನ್ನು ನೋಡುತ್ತಾನೆ. ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯನು ಹಾಜರಿ ಪುಸ್ತಕವನ್ನು ನೋಡುತ್ತಾನೆ. ಇಬ್ಬರ ಮುಖದಲ್ಲಿಯೂ ಒಂದೇ ಬಗೆಯ ಆತಂಕ. ಕೇರಳದ ಶಾಲೆಗಳಲ್ಲಿ ವರ್ಷಾರಂಭದ ಆರನೆಯ ಕೆಲಸದ ದಿನದಂದು ಎಷ್ಟು ಮಕ್ಕಳಿದ್ದಾರೆಂಬ ಲೆಕ್ಕದ ಮೇಲೆಯೇ ಆ ವರ್ಷದ ತರಗತಿಗಳೂ ಅಧ್ಯಾಪಕರ ಹುದ್ದೆಗಳೂ ನಿಶ್ಚಯವಾಗುತ್ತವೆ. ಪೇಟೆಯ ದೊಡ್ಡ ಶಾಲೆಗೆ ಇಬ್ಬರು ಮಕ್ಕಳು ಹೆಚ್ಚಾದರೂ ಕಡಿಮೆಯಾದರೂ ಅದು ಗಣನೆಗೆ ಬಾರದ ಸಂಗತಿ. ಕಾಸರಗೋಡಿನ ಒಳನಾಡಿನಲ್ಲಿರುವ ಕನ್ನಡ ಮಾಧ್ಯಮದ ಶಾಲೆಗೆ ಹಾಗಲ್ಲ. ಇಲ್ಲಿ ಒಂದೊಂದು ಮಗುವೂ ಮನೆಯ ಮಾಡಿಗೆ ಕೊಟ್ಟ ಒಂದೊಂದು ಕಂಬದಂತೆ.

2024ರ ಜೂನಿನಲ್ಲಿ ನಮ್ಮ ಶಾಲೆಯಲ್ಲಿ ಒಂದು ಹುದ್ದೆ ಉಳಿಯಬೇಕಾದರೆ ಇನ್ನೂ ಇಬ್ಬರು ಮಕ್ಕಳು ಬೇಕಾಗಿದ್ದರು. ಅಧ್ಯಾಪಕರೆಲ್ಲ ಮನೆಮನೆ ಸುತ್ತಿ ಬಂದಾಗಿತ್ತು. ಆಗ ಯಾರೋ ಹೇಳಿದರು: ಗುಡ್ಡದಾಚೆಯ ತೋಟದ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೂ ಎಂಟು ವರ್ಷದ ಹುಡುಗನೂ ಇದ್ದಾರೆ, ಅವರು ಯಾವ ಶಾಲೆಗೂ ಹೋಗುವುದಿಲ್ಲ, ತಾಯಿಯೇ ಮನೆಯಲ್ಲಿ ಪಾಠ ಹೇಳುತ್ತಾಳೆ ಎಂದು. ಎರಡು ಮಕ್ಕಳು! ನನಗೆ ಬೇಕಾಗಿದ್ದುದೂ ಸರಿಯಾಗಿ ಎರಡೇ. ದೇವರೇ ಕೈಯೆತ್ತಿ ಕೊಟ್ಟಂತಾಯಿತೆಂದು ಭಾವಿಸಿ, ಪ್ರವೇಶದ ಅರ್ಜಿಗಳೆರಡನ್ನು ಚೀಲದಲ್ಲಿರಿಸಿಕೊಂಡು, ಕಡ್ಡಾಯ ಶಿಕ್ಷಣದ ಕಾಯಿದೆಯನ್ನು ಬಾಯಲ್ಲಿರಿಸಿಕೊಂಡು, ಮೂರನೆಯ ದಿನದ ಸಂಜೆ ಕೊಡೆ ಬಿಡಿಸಿ ಹೊರಟೆನು.

ಮಳೆ ತುಸು ಬಿಡುವು ಕೊಟ್ಟಿತ್ತು. ಅಂಗಳದಲ್ಲಿ ತೋಟದ ಅಡಕೆಮರಗಳಿಗೆ ಮದ್ದು ಬಿಡುವ ಸಿದ್ಧತೆ ನಡೆದಿತ್ತು. ಮಹಾಳಿ ರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ನಮ್ಮ ಕಡೆಯ ವಾಚಕರಿಗೆ ಹೊಸದಲ್ಲ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ತಂದೆ ಹಾಗೂ ಮದ್ದು ಬಿಡುವ ಆಳು ಡ್ರಮ್ಮಿನ ಬಳಿ ಇದ್ದರು. ಮಕ್ಕಳಿಬ್ಬರೂ ಹತ್ತು ಮಾರು ದೂರದಲ್ಲಿ ಜಗಲಿಯ ಮೇಲೆ ಸ್ಲೇಟು ಹಿಡಿದು ಕುಳಿತಿದ್ದರು.

“ಡ್ರಮ್ಮಿನಲ್ಲಿ 180 ಲೀಟರ್ ಉಂಟು. ತುತ್ತು ಎಷ್ಟು ತೂಗಬೇಕು?” ಎಂದು ತಂದೆ ಅಲ್ಲಿಂದಲೇ ಕೇಳಿದರು.

“ಒಂದು ಕಿಲೋ ಎಂಟುನೂರು ಗ್ರಾಂ” ಎಂದಳು ಹುಡುಗಿ.

“ಸುಣ್ಣವೂ ಅಷ್ಟೇ. ಆದರೆ ಸುಣ್ಣ ಹಳತಾದರೆ ಸಾಕಾಗುವುದಿಲ್ಲ” ಎಂದು ಹುಡುಗ ಸೇರಿಸಿದನು. “ಕತ್ತಿಯ ಅಲಗು ಮುಳುಗಿಸಿ ನೋಡಬೇಕು. ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ.”

ಮೂವತ್ತು ವರ್ಷ ಮೇಲ್ಪಟ್ಟು ಪಾಠ ಹೇಳಿದವನು ನಾನು. ಶೇಕಡಾವಾರು ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ ಲೆಕ್ಕವಿಲ್ಲ. ಎಂಟು ವರ್ಷದ ಬಾಲಕನೊಬ್ಬನು ಲೆಕ್ಕದ ಉತ್ತರವನ್ನಷ್ಟೇ ಅಲ್ಲ, ಆ ಉತ್ತರ ಎಲ್ಲಿ ತಪ್ಪಬಹುದೆಂಬುದನ್ನೂ ಹೇಳಿದ್ದನ್ನು ನನ್ನ ತರಗತಿಯಲ್ಲಿ ಕಂಡ ನೆನಪಿಲ್ಲ. ಚೀಲದಲ್ಲಿದ್ದ ಅರ್ಜಿಗಳು ಆಗಲೇ ತುಸು ಭಾರವಾದಂತೆ ತೋರಿತು.

ಅಜ್ಜಿ ಬೆಲ್ಲ-ನೀರು ತಂದಿಟ್ಟು, “ಮಳೆಗೆ ಇಷ್ಟು ದೂರ ನಡೆದು ಬಂದಿರಲ್ಲ ಮಾಷ್ಟ್ರೇ, ಆಸರಿಗೆ ಎಂತ ಆಗಬಹುದು, ಕಾಫಿಯೋ ಮಜ್ಜಿಗೆಯೋ?” ಎಂದು ಉಪಚರಿಸಿದರು. ಅಜ್ಜ ಆರಾಮಕುರ್ಚಿಯಲ್ಲಿ ಕುಳಿತೇ ಕೈಮುಗಿದರು. ಕಣ್ಣಿಗೆ ಪೊರೆ ಬಂದು ಓದಲಾಗದ ಅವರು ನಮ್ಮ ಶಾಲೆಯಲ್ಲಿಯೇ ಅಕ್ಷರ ಕಲಿತವರು. ಆ ಮಾತನ್ನು ಹೆಮ್ಮೆಯಿಂದ ಎರಡು ಸಲ ಹೇಳಿದರು. ಅವರ ಮೊಮ್ಮಕ್ಕಳು ಅದೇ ಶಾಲೆಗೆ ಬಾರದಿರುವ ಕಾರಣವನ್ನು ಮಾತ್ರ ಸೊಸೆಯೇ ಹೇಳಲೆಂದು ಸುಮ್ಮನಾದರು.

ತಾಯಿ ವಿಜ್ಞಾನದ ಪದವೀಧರೆ. ಗಂಡಹೆಂಡಿರಿಬ್ಬರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, 2020ರ ಮಹಾಮಾರಿಯ ಕಾಲದಲ್ಲಿ ಊರಿಗೆ ಮರಳಿದವರು. ತಲಪಾಡಿಯ ಗಡಿಯಲ್ಲಿ ರಸ್ತೆಗಳನ್ನು ಮುಚ್ಚಿದ್ದ ಆ ದಿನಗಳನ್ನು ಕಾಸರಗೋಡಿನವರು ಮರೆಯುವಂತಿಲ್ಲ. ಆ ವರ್ಷದ ಜೂನ್ 1ರಂದು ಶಾಲೆಗಳು ತೆರೆಯುವ ಬದಲು ದೂರದರ್ಶನ ಪೆಟ್ಟಿಗೆಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದುವು. ನಾಡಿನ ಮನೆಗಳೆಲ್ಲ ಒಮ್ಮೆಗೇ ಪಾಠಶಾಲೆಗಳಾದುವು. ಯಾರೂ ಅದನ್ನು ಬಯಸಿರಲಿಲ್ಲ, ಯಾರೂ ಅದಕ್ಕೆ ಸಿದ್ಧರಾಗಿಯೂ ಇರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಅದೊಂದು ಕಷ್ಟಕಾಲ. ಒಂದು ಫೋನು, ಮೂವರು ಮಕ್ಕಳು, ಗುಡ್ಡದ ಮೇಲೆ ಹತ್ತಿದರೆ ಮಾತ್ರ ಸಿಗುವ ಸಂಪರ್ಕ. ಆ ಒಂದೂವರೆ ವರ್ಷದಲ್ಲಿ ಅಕ್ಷರವನ್ನೇ ಮರೆತ ಮಕ್ಕಳನ್ನು ಅನಂತರ ನಾವು ತರಗತಿಗಳಲ್ಲಿ ಕಂಡೆವು. ಈ ಮನೆಯಲ್ಲಿ ಮಾತ್ರ ಬೇರೆಯೇ ನಡೆಯಿತು. ಓದಿದ ತಾಯಿ, ಮನೆಯಲ್ಲಿಯೇ ಕೆಲಸ ಮಾಡುವ ತಂದೆ, ಕಥೆ ಹೇಳುವ ಅಜ್ಜಿ, ಸುತ್ತಲೂ ತೋಟ. ಮಕ್ಕಳು ಕಲಿತರು.

2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದಾಗ ಹುಡುಗಿಯನ್ನು ದೂರದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದರು. ವ್ಯಾನಿನಲ್ಲಿ ಹೋಗಿ ಬರಲು ಎರಡು ಗಂಟೆ. “ಪಾಠ ಚೆನ್ನಾಗಿಯೇ ಇತ್ತು ಮಾಷ್ಟ್ರೇ, ನಾನು ಯಾರನ್ನೂ ದೂರುವುದಿಲ್ಲ” ಎಂದರು ತಾಯಿ. “ಆದರೆ ಮಗಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಮೊದಲು ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದವಳು. ಕನ್ನಡದಲ್ಲಿ ಬರೆಯುವುದಂತೂ ನಿಂತೇಹೋಯಿತು. ಅಜ್ಜನಿಗೆ ಪೇಪರು ಓದಿ ಹೇಳುವುದಕ್ಕೂ ತಡವರಿಸತೊಡಗಿದಳು. ಒಂದು ವರ್ಷ ಕಾದೆವು. ಆಮೇಲೆ ಬಿಡಿಸಿದೆವು.”

“ಹಾಗಾದರೆ ನಮ್ಮ ಶಾಲೆ ಇಲ್ಲವೇ ಅಮ್ಮ? ಒಂದು ಗುಡ್ಡದ ದೂರ” ಎಂದೆನು.

ಅವರು ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಅನಂತರ ಮೆಲ್ಲಗೆ, “ಎರಡು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿದ್ದಾರೆ ಅಂತ ಕೇಳಿದೆ. ಹೌದಾ ಮಾಷ್ಟ್ರೇ?” ಎಂದು ಕೇಳಿದರು.

ಹೌದು, ಅದು ನಿಜವಾಗಿತ್ತು. ಮಕ್ಕಳು ಕಡಿಮೆಯಾದುದರಿಂದ ಅಧ್ಯಾಪಕರು ಕಡಿಮೆ. ಅಧ್ಯಾಪಕರು ಕಡಿಮೆಯಾದುದರಿಂದ ಎರಡು ತರಗತಿ ಒಂದೇ ಕೋಣೆಗೆ. ಒಂದೇ ಕೋಣೆಯಾದುದರಿಂದ ಮಕ್ಕಳು ಮತ್ತಷ್ಟು ಕಡಿಮೆ. ಗಡಿನಾಡಿನ ಕನ್ನಡ ಶಾಲೆಗಳು ಈ ಗಾಣದಲ್ಲಿ ಸಿಕ್ಕಿ ಸುತ್ತುತ್ತಿರುವುದು ಇಂದು ನಿನ್ನೆಯ ಕಥೆಯಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವ ಸೌಕರ್ಯವಿರಬೇಕೆಂದು ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿದ್ದು 1956ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೂ ಅದೇ. ವಿಧಿ ಇದ್ದಲ್ಲಿಯೇ ಇದೆ. ಆದರೆ ವಿಧಿ ಕೊಡುವುದು ಸೌಕರ್ಯವನ್ನು. ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾದವರು ಮಕ್ಕಳೇ. ಮನೆಯಲ್ಲಿ ಇಬ್ಬರು ಮಕ್ಕಳ ಕನ್ನಡವನ್ನು ಉಳಿಸಿಕೊಂಡ ಈ ತಾಯಿ, ತನಗರಿವಿಲ್ಲದೆಯೇ ಕನ್ನಡ ಶಾಲೆಯ ಬೆಂಚಿನಿಂದ ಇಬ್ಬರನ್ನು ಕಡಿಮೆ ಮಾಡಿದ್ದರು. ತಪ್ಪು ಯಾರದೆಂದು ಹೇಳುವುದು?

ಮನೆಯಲ್ಲಿ ಮಕ್ಕಳ ದಿನ ಹೇಗೆ ಕಳೆಯುತ್ತದೆಂದು ಕೇಳಿದೆನು. ವಾಚಕರಿಗೂ ಆ ಕುತೂಹಲವಿದ್ದೀತು. ಆರು ಗಂಟೆಗೆ ಏಳುವುದು, ಮುಖಮಾರ್ಜನ, ಅಜ್ಜಿಯೊಡನೆ ಹಟ್ಟಿಯ ಕೆಲಸ. ಏಳೂವರೆಗೆ ತಂದೆಯ ಜತೆ ತೋಟಕ್ಕೆ. ಗುಡ್ಡದ ಮುರಕಲ್ಲನ್ನು ಅಡ್ಡವಾಗಿ ಕೊರೆದ ಹಳೆಯ ಸುರಂಗವೊಂದು ಅವರ ತೋಟದಲ್ಲಿದೆ. ಅದರ ಬಾಯಿಯಲ್ಲಿ ಹತ್ತು ಲೀಟರಿನ ಬಕೆಟ್ಟು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆಂದು ಹುಡುಗನು ತಿಂಗಳಿಗೊಮ್ಮೆ ಗುರುತು ಹಾಕುತ್ತಾನೆ. ಮಾರ್ಚಿನಲ್ಲಿ 50 ಸೆಕೆಂಡು ಹಿಡಿದಿತ್ತಂತೆ. ಹಾಗಾದರೆ ಗಂಟೆಗೆ 720 ಲೀಟರ್. ಬೇಸಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಸಾಲೀತೆಂದು ತಂದೆ ಯೋಚಿಸುವಾಗ ಆ ಪುಸ್ತಕವನ್ನೇ ನೋಡುತ್ತಾರೆ. ಮಗನ ಲೆಕ್ಕವನ್ನು ತಂದೆ ನೆಚ್ಚಿಕೊಂಡಿರುವುದು ಮಗನಿಗೆ ತಿಳಿದಿದೆ. ಆದ್ದರಿಂದ ಆತ ತಪ್ಪು ಬರೆಯುವುದಿಲ್ಲ.

ಒಂಬತ್ತರಿಂದ ಹನ್ನೊಂದೂವರೆಯವರೆಗೆ ಕುಳಿತು ಮಾಡುವ ಪಾಠ: ಒಂದು ದಿನ ಗಣಿತ, ಕನ್ನಡ, ಮರುದಿನ ಇಂಗ್ಲಿಷು, ವಿಜ್ಞಾನ. ಸರಕಾರದ ಪಠ್ಯಪುಸ್ತಕಗಳನ್ನೇ ಇರಿಸಿಕೊಂಡಿದ್ದಾರೆ. ಜತೆಗೆ ಅಜ್ಜನ ಕಪಾಟಿನಿಂದ ತೆಗೆದ, ಬೆನ್ನು ಬಿಚ್ಚಿದ ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಒಂದು ಸಂಪುಟ. ಮಧ್ಯಾಹ್ನ ಊಟವಾದ ಮೇಲೆ ಅಜ್ಜನಿಗೆ ಪತ್ರಿಕೆ ಓದಿ ಹೇಳುವುದು ಹುಡುಗಿಯ ಪಾಲಿನ ಕೆಲಸ. ತಪ್ಪು ಉಚ್ಚರಿಸಿದರೆ ಅಜ್ಜ ಅಲ್ಲಿಯೇ ತಿದ್ದುತ್ತಾರೆ. ಅಜ್ಜನಿಗೆ ಅರ್ಥವಾಗದ ಹೊಸ ಶಬ್ದಗಳನ್ನು ಮೊಮ್ಮಗಳು ವಿವರಿಸುತ್ತಾಳೆ. ಸಂಜೆ ನೆರೆಮನೆಯ ಅಜ್ಜಿಯೊಬ್ಬರಿಂದ ಮಲೆಯಾಳ. ರಾತ್ರಿ ಊಟಕ್ಕೆ ಮೊದಲು ಇಬ್ಬರೂ ದಿನಚರಿ ಬರೆಯಬೇಕು. ಇಷ್ಟೇ. ಪರೀಕ್ಷೆಯಿಲ್ಲ, ಅಂಕಗಳಿಲ್ಲ, ಗಂಟೆ ಬಾರಿಸುವವರೂ ಇಲ್ಲ.

ಕೇಳಲು ಎಷ್ಟು ಸೊಗಸಾಗಿದೆ! ಆದರೆ ಆ ತಾಯಿ ಪ್ರಾಮಾಣಿಕರು. ಸೊಗಸಿನ ಹಿಂಬದಿಯನ್ನೂ ಮುಚ್ಚಿಡದೆ ಹೇಳಿದರು. ಮಗ್ಗಿಯ ದಿನಗಳಲ್ಲಿ ಹುಡುಗನು ಅಳುತ್ತಾನೆ, ತಾನು ರೇಗುತ್ತೇನೆ. ಶಾಲೆಯ ಅಧ್ಯಾಪಕಿ ಗದರಿದರೆ ಮಗು ಮನೆಗೆ ಬಂದು ತಾಯಿಯ ಸೆರಗು ಹಿಡಿಯಬಹುದು. ತಾಯಿಯೇ ಗದರಿದರೆ ಹೋಗುವುದೆಲ್ಲಿಗೆ? ಅದಕ್ಕಾಗಿ ಅಜ್ಜಿ ಇದ್ದಾರೆ, ಸರಿ. ಆದರೆ ಅಜ್ಜಿ ಇಲ್ಲದ ಮನೆಗಳೆಷ್ಟಿಲ್ಲ? ತನಗೆ ರಜೆಯೆಂಬುದಿಲ್ಲ. ಜ್ವರ ಬಂದರೆ ಶಾಲೆಯೇ ಮುಚ್ಚಿದಂತೆ. ನೆಂಟರ ಮನೆಯ ಮದುವೆ ಮುಂಜಿಗಳಲ್ಲಿ “ಎಷ್ಟನೇ ಕ್ಲಾಸು?” ಎಂಬ ಪ್ರಶ್ನೆಗೆ ಮಕ್ಕಳು ಮುಖಮುಖ ನೋಡುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಮಗಳಿಗೆ ತನ್ನ ವಯಸ್ಸಿನ ಒಬ್ಬ ಗೆಳತಿಯೂ ಇಲ್ಲ. “ಅದೊಂದನ್ನು ನಾನು ಕಲಿಸಲಾರೆ ಮಾಷ್ಟ್ರೇ” ಎನ್ನುವಾಗ ಅವರ ಸ್ವರ ಇಳಿಯಿತು.

ನಾನು ಬಾಯಲ್ಲಿರಿಸಿಕೊಂಡು ಬಂದಿದ್ದ ಕಾಯಿದೆಯನ್ನೂ ಹೇಳಲೇಬೇಕಾಗಿತ್ತು, ಹೇಳಿದೆನು. 2002ರ 86ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಅದರ ಮೇರೆಗೆ 2009ರಲ್ಲಿ ಆದ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ 10ನೆಯ ಸೆಕ್ಷನ್ ಹೇಳುತ್ತದೆ. ತಂದೆ ನಕ್ಕು, “ಓದಿದ್ದೇನೆ ಮಾಷ್ಟ್ರೇ. ಕರ್ತವ್ಯ ಅಂತ ಉಂಟು, ತಪ್ಪಿದರೆ ಶಿಕ್ಷೆ ಅಂತ ಇಲ್ಲ” ಎಂದರು. ಅದೂ ನಿಜವೇ. ಆ ಕಾಯಿದೆಯಲ್ಲಿ ‘ಕಡ್ಡಾಯ’ವೆಂಬ ಮಾತಿನ ಹೊಣೆ ಮುಖ್ಯವಾಗಿ ಸರಕಾರದ ಮೇಲಿದೆ, ಮನೆಯಲ್ಲಿ ಕಲಿಸುವವರ ವಿಷಯವಾಗಿ ಪ್ರತ್ಯೇಕವಾದ ಮಾತೇ ಅದರಲ್ಲಿಲ್ಲ. ಹೆದರಿಸಿ ಕರೆತರಲು ಬಂದವನು ಹೆದರಿಸುವ ಕೋಲಿಲ್ಲದೆ ಕುಳಿತಂತಾಯಿತು ನನ್ನ ಸ್ಥಿತಿ. ಕಡೆಗೆ ಕಾಯಿದೆಯನ್ನು ಬದಿಗಿಟ್ಟು, ಇದ್ದುದನ್ನು ಇದ್ದಂತೆ ಹೇಳಿಬಿಟ್ಟೆನು: ಇಬ್ಬರು ಮಕ್ಕಳು ಕಡಿಮೆ ಬಿದ್ದಿದ್ದಾರೆ, ಒಂದು ಹುದ್ದೆ ಹೋಗುತ್ತದೆ, ಎರಡು ತರಗತಿ ಕೂಡಿಸಿದ ಕೋಣೆ ಹಾಗೆಯೇ ಉಳಿಯುತ್ತದೆ.

ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಅಷ್ಟೇ ಅಲ್ಲವಾ ಮಾಷ್ಟ್ರೇ? ಹೆಸರು ಬರೆದುಕೊಳ್ಳಿ. ಆರನೇ ದಿನ ಇಬ್ಬರನ್ನೂ ಕಳಿಸುತ್ತೇವೆ. ಆಮೇಲೆ ಯಾರಾದರೂ ಸಾಹೇಬರು ಬರುವ ದಿನ ಹೇಳಿ ಕಳಿಸಿ, ಅಂದೂ ಬರುತ್ತಾರೆ. ನಾನು ಓದಿದ ಶಾಲೆ ಉಳಿಯಲಿ.”

ಆ ವೃದ್ಧರ ಮಾತಿನಲ್ಲಿ ಕಪಟವಿರಲಿಲ್ಲ. ಶಾಲೆಯ ಮೇಲಿನ ಪ್ರೀತಿಯೊಂದೇ ಇತ್ತು. ನಾನು ಆ ಕ್ಷಣ ಬೇಡವೆನ್ನಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೈ ಚೀಲದತ್ತ ಹೋಯಿತು. ಅರ್ಜಿಯನ್ನು ಹೊರತೆಗೆದೂ ಆಗಿತ್ತು. ಆಗ ಜಗಲಿಯ ಮೂಲೆಯಲ್ಲಿ ದಿನಚರಿ ಬರೆಯುತ್ತಿದ್ದ ಹುಡುಗಿ ತಲೆಯೆತ್ತಿ ಕೇಳಿದಳು:

“ಮಾಷ್ಟ್ರೇ, ನಾವು ಬಾರದ ದಿನ ಹಾಜರಿ ಪುಸ್ತಕದಲ್ಲಿ ನೀವು ಎಂತ ಬರೆಯುವುದು?”

ಅವಳು ಅಣಕಕ್ಕೆ ಕೇಳಿದ್ದಲ್ಲ. ತಿಳಿಯದುದನ್ನು ತಿಳಿದುಕೊಳ್ಳಲು ಕೇಳಿದಳು. ಆ ಮನೆಯಲ್ಲಿ ಅವಳಿಗೆ ಕಲಿಸಿದ್ದೇ ಅದು. ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕಾಯಿತೋ ಅಷ್ಟನ್ನೇ ಬರೆಯಬೇಕೆಂದು ಕಲಿತ ಮಕ್ಕಳೆದುರು ನಾನು ಏನು ಬರೆಯುತ್ತೇನೆಂದು ಹೇಳಲಿ? ಅರ್ಜಿಯನ್ನು ಮಡಚಿ ಮತ್ತೆ ಚೀಲದೊಳಗಿಟ್ಟೆನು. “ಬಾರದ ದಿನ ಬಂದಿದ್ದಾರೆಂದು ಬರೆಯಲಾಗದು ಮಗೂ. ಆದ್ದರಿಂದ ಹೆಸರನ್ನೇ ಬರೆಯುವುದಿಲ್ಲ” ಎಂದೆನು. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಬಂದ ದಾರಿಯಲ್ಲಿಯೇ ಹಿಂದಿರುಗಿದೆನು.

ಗುಡ್ಡ ಇಳಿಯುವಾಗ ಗಾಂಧೀಜಿಯವರ ನೆನಪಾಯಿತು. ದಕ್ಷಿಣ ಆಫ್ರಿಕದಲ್ಲಿ ಅವರು ತಮ್ಮ ಮಕ್ಕಳನ್ನು ಅಲ್ಲಿನ ಶಾಲೆಗಳಿಗೆ ಕಳುಹಿಸದೆ ತಾವೇ ಕಲಿಸಲು ಹೊರಟವರು. ಜೊಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಚೇರಿಗೆ ಹೋಗಿ ಬರುವ ಸುಮಾರು 5 ಮೈಲಿನ ನಡಿಗೆಯಲ್ಲಿ ಮಕ್ಕಳನ್ನು ಜತೆಗೆ ಕರೆದುಕೊಂಡು, ಮಾತನಾಡುತ್ತಲೇ ಪಾಠ ಹೇಳುತ್ತಿದ್ದರು. ಆದರೆ ಸಾರ್ವಜನಿಕ ಕಾರ್ಯಗಳ ನಡುವೆ ತಾನು ಮಕ್ಕಳಿಗೆ ಸಾಕಷ್ಟು ಸಮಯ ಕೊಡಲಾಗಲಿಲ್ಲವೆಂದೂ, ಶಾಲೆಯ ಶಿಕ್ಷಣ ದೊರೆಯಲಿಲ್ಲವೆಂಬ ಕೊರಗು ಮಕ್ಕಳಲ್ಲಿ ಉಳಿಯಿತೆಂದೂ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಅಷ್ಟು ದೊಡ್ಡವರ ಮನೆಯಲ್ಲಿಯೇ ಆ ಕೊರಗು ಉಳಿಯಿತೆಂದ ಮೇಲೆ ಸಾಮಾನ್ಯರು ಎಚ್ಚರದಿಂದಿರಬೇಡವೆ?

ಇನ್ನೊಂದು ಬದಿಯಿಂದ ನೋಡಿದರೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳಿದ್ದಾರೆ. ತಂದೆಯ ಮರಣದಿಂದಾಗಿ ಬಿ.ಎ. ಪದವಿ ಪೂರೈಸದೆ ಊರಿಗೆ ಮರಳಿದವರು. ಅನಂತರದ ವಿದ್ಯಾಭ್ಯಾಸವೆಲ್ಲ ಆ ಮನೆಯಲ್ಲಿ, ಆ ಪುಸ್ತಕಗಳ ನಡುವೆ. ಹಲವು ಭಾಷೆಗಳನ್ನು ಸ್ವಂತ ಪರಿಶ್ರಮದಿಂದ ಕಲಿತು, 1949ರಲ್ಲಿ ಮದ್ರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಗೌರವ ಪಡೆದರು. ಶಾಲಾ ಕಾಲೇಜಿನ ಹೊರಗೆ ವಿದ್ಯೆಯಿಲ್ಲವೆಂದು ಅವರ ನೆರೆಯೂರಿನವರಾದ ನಾವು ಹೇಳುವಂತಿಲ್ಲ. ಆದರೆ ಅವರು ಓದನ್ನು ತಾವೇ ಮುಂದುವರಿಸಿದ್ದು ಓದುವ ರುಚಿ ಒಮ್ಮೆ ಹತ್ತಿದ ಮೇಲೆ. ಆ ರುಚಿಯನ್ನು ಹತ್ತಿಸುವುದೇ ಮನೆಗೂ ಶಾಲೆಗೂ ಸಮಾನವಾದ ಕೆಲಸ. ಯಾರು ಹತ್ತಿಸಿದರೂ ಸರಿ.

ಆರನೆಯ ದಿನ ಲೆಕ್ಕ ಮಾಡಿದಾಗ ಇಬ್ಬರು ಕಡಿಮೆಯೇ ಬಿದ್ದರು. ಹುದ್ದೆ ಹೋಯಿತು. ಕೆಲವು ವರ್ಷಗಳಿಂದ ನಮ್ಮೊಡನಿದ್ದ ಕಿರಿಯ ಅಧ್ಯಾಪಕಿ ಬೇರೆಡೆಗೆ ಹೋಗಬೇಕಾಯಿತು. ಆಕೆ ಯಾರನ್ನೂ ದೂರಲಿಲ್ಲ. ಸ್ವಂತ ಹಣದಿಂದ ಕೊಂಡು ತಂದಿದ್ದ ಮಕ್ಕಳ ಕಥೆಪುಸ್ತಕಗಳನ್ನು ಶಾಲೆಯ ಕಪಾಟಿನಲ್ಲಿಯೇ ಬಿಟ್ಟು, “ಮಕ್ಕಳಿಗೆ ಕೊಡುತ್ತಿರಿ ಸರ್” ಎಂದಷ್ಟೇ ಹೇಳಿ ಹೊರಟರು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎರಡು ಹೆಸರು ಬರೆದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು ಎಂದು ಮನಸ್ಸು ಪುನಃ ಪುನಃ ಕೇಳಿತು. ಇಂದಿಗೂ ಕೆಲವೊಮ್ಮೆ ಕೇಳುತ್ತದೆ. ಹುಡುಗಿಯ ಪ್ರಶ್ನೆಯನ್ನೇ ಅದಕ್ಕೆ ಉತ್ತರವಾಗಿ ಕೊಡುತ್ತೇನೆ. ಬೇರೆ ಉತ್ತರ ನನ್ನಲ್ಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಆ ತಾಯಿ ಮಕ್ಕಳೊಡನೆ ಶಾಲೆಗೆ ಬಂದರು. ಶಾಲೆಯ ಪುಸ್ತಕಗಳನ್ನು ಮಕ್ಕಳು ಓದಲು ಕೊಂಡುಹೋಗಬಹುದೇ ಎಂದು ಕೇಳಿದರು. ಅಧ್ಯಾಪಕಿ ಬಿಟ್ಟುಹೋದ ಕಪಾಟನ್ನು ತೆರೆದು ತೋರಿಸಿದೆನು. ಅಂದಿನಿಂದ ವಾರಕ್ಕೊಮ್ಮೆ, ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ, ಪುಸ್ತಕ ಬದಲಿಸಲು ಅವರು ಬರುವುದು ರೂಢಿಯಾಯಿತು. ಆ ಹೊತ್ತಿಗೆ ನಮ್ಮ ಮಕ್ಕಳು ಅಂಗಳದಲ್ಲಿ ಲಗೋರಿ ಆಡುತ್ತಿರುತ್ತಾರೆ. ಮೊದಲನೆಯ ದಿನ ಹುಡುಗನು ಆಟಕ್ಕಿಳಿದು, ಚೆಂಡು ತಗಲಿ ಔಟಾದಾಗ ಒಪ್ಪಲೇ ಇಲ್ಲ. ಜಗಳವಾಡಿ, ಅತ್ತು, ಅಕ್ಕನ ಬಳಿಗೆ ಓಡಿದನು. ಸುರಂಗದ ನೀರನ್ನು ಅಳೆಯಬಲ್ಲ ಹುಡುಗನಿಗೆ ಸೋಲನ್ನು ಅಳೆಯುವುದು ತಿಳಿದಿರಲಿಲ್ಲ. ಮನೆಯಲ್ಲಿ ಅವನನ್ನು ಸೋಲಿಸುವವರೇ ಇರಲಿಲ್ಲ. ಮರುವಾರ ಅವನು ಬರಲಾರನೆಂದು ಭಾವಿಸಿದ್ದೆನು. ಬಂದನು. ಅದರ ಮರುವಾರವೂ ಬಂದನು.

ಆ ಮನೆಯಿಂದ ಶಾಲೆಯೂ ಕೆಲವನ್ನು ಪಡೆಯಿತು. ನಮ್ಮ ಬಾವಿಯ ನೀರಿನ ಮಟ್ಟವನ್ನು ಮಕ್ಕಳೇ ವಾರಕ್ಕೊಮ್ಮೆ ಅಳೆದು ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆ. ಅಳೆಯುವಾಗ ಅಧ್ಯಾಪಕರೊಬ್ಬರು ಜತೆಗಿರುತ್ತಾರೆ. ಬಿಸಿಯೂಟದ ಅಕ್ಕಿ ಬೇಳೆಯ ತೂಕ ಏಳನೆಯ ತರಗತಿಯವರ ಗಣಿತವಾಯಿತು. ತೋಟದ ಮನೆಯ ಅಜ್ಜಿ ತಿಂಗಳಿಗೊಮ್ಮೆ ಬಂದು ಕಥೆ ಹೇಳುತ್ತಾರೆ. ಎರಡು ತರಗತಿಗಳನ್ನು ಕೂಡಿಸಿದ ಕೋಣೆಯಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಓದಿ ಹೇಳುವ ಕ್ರಮವನ್ನು ಆರಂಭಿಸಿದೆವು. ಮನೆಯಲ್ಲಿ ಅಕ್ಕ ತಮ್ಮನಿಗೆ ಹೇಳಿಕೊಡುವಂತೆಯೇ ಅದು. ಕೊರತೆಯೆಂದು ನಾನು ನಾಚಿಕೊಂಡಿದ್ದ ಕೋಣೆ ತಕ್ಕಮಟ್ಟಿಗೆ ಉಪಯೋಗಕ್ಕೂ ಬಂತು. ಹುದ್ದೆ ಹೋದ ನಷ್ಟವನ್ನು ಇದು ತುಂಬಿತೆಂದು ಹೇಳಿದರೆ ಸುಳ್ಳಾದೀತು.

2025ರ ಜೂನಿನಲ್ಲಿ ಶಾಲೆ ತೆರೆದ ದಿನ, ಸೊಸೆಯ ಕೈಹಿಡಿದು ಅಜ್ಜ ಗುಡ್ಡ ಹತ್ತಿ ಇಳಿದು ಬಂದರು. ಜತೆಗೆ ಹುಡುಗ. “ಇವನಿಗೆ ಶಾಲೆಯೇ ಬೇಕಂತೆ ಮಾಷ್ಟ್ರೇ. ದಿನಾಲೂ ಬರುತ್ತಾನೆ” ಎಂದರು. ‘ದಿನಾಲೂ’ ಎಂಬ ಶಬ್ದವನ್ನು ಒತ್ತಿ ಹೇಳಿದರು. ಶಾಲೆಗೆ ಹೋಗದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಶಿಕ್ಷಣ ಹಕ್ಕಿನ ಕಾಯಿದೆಯ 4ನೆಯ ಸೆಕ್ಷನ್ ಹೇಳುತ್ತದೆ. ನಾಲ್ಕನೆಯ ತರಗತಿಗೆ ಸೇರಿಸಿಕೊಂಡೆವು. ಅವನಿಗೆ ಭಿನ್ನರಾಶಿ ಬರುತ್ತದೆ, ಆದರೆ ಕೈಯೆತ್ತಿ ಸರದಿ ಕಾಯುವುದು ನಿಧಾನವಾಗಿ ಬಂತು. ಅಧ್ಯಾಪಕಿಯ ಮಾತಿನ ನಡುವೆಯೇ ಪ್ರಶ್ನೆ ಕೇಳುತ್ತಾನೆ. ಮೊದಮೊದಲು ನಮಗೆ ಕಿರಿಕಿರಿಯಾಯಿತು. ಈಗ ಉಳಿದ ಮಕ್ಕಳೂ ಕೇಳತೊಡಗಿದ್ದಾರೆ.

ಹುಡುಗಿ ಮನೆಯಲ್ಲಿಯೇ ಉಳಿದಳು. ಅವಳಿಗೆ ಹಾಗೆಯೇ ಇಷ್ಟವಂತೆ. ಅವಳ ದಾರಿ ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎಂಬುದೊಂದಿದೆ. 1989ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ಸಂಸ್ಥೆ ಅದು. ಹದಿನಾಲ್ಕು ವರ್ಷ ತುಂಬಿದವರು ಶಾಲೆಗೆ ಹೋಗದೆಯೂ ಅದರ ಮೂಲಕ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅದಕ್ಕಿಂತ ಕೆಳಗೆ ಮೂರು, ಐದು, ಎಂಟನೆಯ ತರಗತಿಗಳಿಗೆ ಸಮನಾದ ಹಂತಗಳೂ ಇವೆ. ಪ್ರೌಢಶಾಲೆಗೆ ಹೋಗುವಳೋ ಈ ದಾರಿ ಹಿಡಿಯುವಳೋ ಅವಳೇ ನಿಶ್ಚಯಿಸಲೆಂದು ಮನೆಯವರು ಕಾಯುತ್ತಿದ್ದಾರೆ. ಅವಳಿಗೆ ಶುಕ್ರವಾರದ ಸಂಜೆಗಳಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಾಳೆಂಬುದು ಸದ್ಯಕ್ಕೆ ನನಗೆ ಸಮಾಧಾನ ಕೊಡುವ ಸಂಗತಿ.

ಮಕ್ಕಳನ್ನು ಮನೆಯಲ್ಲಿಯೇ ಕಲಿಸಬೇಕೆಂದು ಯೋಚಿಸುವ ತಂದೆತಾಯಿಗಳು ಈ ಪತ್ರಿಕೆಯ ವಾಚಕರಲ್ಲಿಯೂ ಇದ್ದಾರು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಶಾಲೆಯ ಮೇಲಿನ ಕೋಪದಿಂದ ಈ ಕೆಲಸಕ್ಕೆ ಕೈಹಾಕಬೇಡಿ. ಕೋಪ ಆರಿದ ಮೇಲೂ ಪಾಠ ಹೇಳಬೇಕಾಗುತ್ತದೆ. ದಿನಕ್ಕೆ ಎರಡು ಮೂರು ಗಂಟೆಗಳನ್ನು ಪೂರ್ತಿಯಾಗಿ ಮಗುವಿಗೆ ಕೊಡಬಲ್ಲ ಒಬ್ಬ ಹಿರಿಯರಾದರೂ ಮನೆಯಲ್ಲಿದ್ದಾರೆಯೇ ನೋಡಿ. ಇಲ್ಲವಾದರೆ ಆ ಮಗುವಿಗೆ ಮನೆಯೂ ಇಲ್ಲ, ಶಾಲೆಯೂ ಇಲ್ಲವೆಂದಾಗುತ್ತದೆ. ಓದುಬರಹವನ್ನು ಮನೆಯ ನಿಜವಾದ ಕೆಲಸಗಳೊಡನೆ ಜೋಡಿಸಿ. ಮಗುವಿನ ಲೆಕ್ಕವನ್ನು ನೀವೂ ನೆಚ್ಚಿಕೊಳ್ಳುವಂತಿರಲಿ. ಬೇರೆಯವರ ಮಕ್ಕಳೊಡನೆ ಕೂಡಿ ಆಡಲು, ಸೋಲಲು, ಜಗಳವಾಡಿ ರಾಜಿಯಾಗಲು ವಾರದಲ್ಲಿ ಕೆಲವು ಹೊತ್ತು ಮೀಸಲಿಡಿ. ನಮ್ಮ ಕಡೆ ಮನೆಯಲ್ಲಿ ಹವ್ಯಕವೋ ತುಳುವೋ, ಓದಲು ಕನ್ನಡ, ಅಂಗಡಿಯಲ್ಲಿ ಮಲೆಯಾಳ. ಸೊಲ್ಲಾಪುರದಲ್ಲಿ ಮರಾಠಿ, ಹೊಸೂರಿನಲ್ಲಿ ತಮಿಳು. ಆಯಾ ನಾಡಿನ ಭಾಷೆಯನ್ನೂ ಮಗುವಿಗೆ ತಪ್ಪದೆ ಕಲಿಸಿ. ಅದನ್ನು ಕಲಿತರೆ ಕನ್ನಡ ಕಡಿಮೆಯಾಗದು. ಮಗು ಮುಂದೊಂದು ದಿನ ಶಾಲೆಗೆ ಹೋಗುತ್ತೇನೆಂದರೆ ಅದನ್ನು ನಿಮ್ಮ ಸೋಲೆಂದು ಎಣಿಸಬೇಡಿ.

ನನ್ನ ಸಹೋದ್ಯೋಗಿಗಳಾದ ಅಧ್ಯಾಪಕ ಬಂಧುಗಳಲ್ಲಿಯೂ ಒಂದು ಮಾತು. ಮಕ್ಕಳನ್ನು ಕರೆಯಲು ಮನೆಗಳಿಗೆ ಹೋಗುವಾಗ ಅರ್ಜಿಯನ್ನು ಸ್ವಲ್ಪ ಹೊತ್ತು ಚೀಲದಲ್ಲಿಯೇ ಇರಗೊಡಿ. ಮೊದಲು ಜಗಲಿಯಲ್ಲಿ ಕುಳಿತು ಆ ಮಗು ಏನು ಮಾಡುತ್ತಿದೆಯೆಂದು ನೋಡಿ. ನಾನು ಅಂದು ಇಬ್ಬರು ಮಕ್ಕಳನ್ನು ನೋಡಲು ಹೋದವನಲ್ಲ, ಎರಡು ಎಂಬ ಅಂಕೆಯನ್ನು ತರಲು ಹೋದವನು. ಹಾಗೆ ಹೋದುದರಿಂದಲೇ ಬರಿಗೈಯಲ್ಲಿ ಬಂದೆನೆಂದು ಈಗ ತೋರುತ್ತದೆ. ಒಂದು ವರ್ಷ ತಡವಾಗಿಯಾದರೂ ಒಬ್ಬನು ತಾನಾಗಿಯೇ ನಡೆದು ಬಂದನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕುವಾಗ, ಬಂದ ದಿನಕ್ಕೆ ಬಂದನೆಂದೂ ಬಾರದ ದಿನಕ್ಕೆ ಬಾರಲಿಲ್ಲವೆಂದೂ ಬರೆಯುತ್ತೇನೆ. ಅವನ ಅಕ್ಕ ಶುಕ್ರವಾರ ಬಂದಾಗ ಬೇಕಾದರೆ ಆ ಪುಸ್ತಕವನ್ನು ತೆರೆದು ನೋಡಬಹುದು.